ಮಗ್ಗುಲಿಗೆ ಬಂದ ದೋಣಿ

ದೊಡ್ಡಮಾದಮ್ಮನ ಬಾಯಿಗೆ ಹೆದರಿ ಅವಳ ಗಂಡ ಚಿಕ್ಕಮಾದು ಕಾಡು ಸೇರಿದ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಅರ್ಧ ಸುಳ್ಳು. ಅವನಿಗೆ ಗುಂಡ್ಲುಪೇಟೆಯ ಆಚೆ ಮದ್ದೂರು ವಲಯದಲ್ಲಿ ಅರಣ್ಯ ಇಲಾಖೆಯ ವಾಚರ್ ಕೆಲಸ ಸಿಕ್ಕಿತ್ತು. ಖಾಕಿ ಅಂಗಿ, ಕೈಗೊಂದು ಬೆತ್ತ, ತಿಂಗಳಿಗೊಮ್ಮೆ ಊರಿಗೆ ಬರಲು ರಜ. ಉಳಿದರ್ಧ ಅವನ ಬಾಯಿಂದಲೇ ಬಂದದ್ದು. ಒಮ್ಮೆ ರಜಕ್ಕೆ ಬಂದಾಗ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, “ಆನೆ ಅಟ್ಟುಸ್ಕೊಂಡು ಬಂದ್ರೆ ಓಡಕ್ಕೆ ಜಾಗ ಅದೆ ಕಣ್ಲಾ. ಮನೇಲಿ ಎಲ್ಗೆ ಓಡನ?” ಎಂದಿದ್ದ. ಆ ಮಾತು ಅವನಿಗಿಂತ ಮೊದಲು ಮನೆ ಮುಟ್ಟಿತ್ತು. ಅವನು ಮಾರನೆಯ ಬೆಳಿಗ್ಗೆಯೇ, ರಜ ಇನ್ನೂ ಉಳಿದಿರುವಾಗಲೇ, ಗುಂಡ್ಲುಪೇಟೆ ಬಸ್ಸು ಹತ್ತಿದ.

ಹೋಗುವಾಗ ಅವನು ಬಿಟ್ಟುಹೋದದ್ದು ಒಂದು ತೆಪ್ಪ. ಬಿದಿರಿನ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಟಾರು. ನೋಡುವುದಕ್ಕೆ ದೊಡ್ಡದೊಂದು ಮಂಕರಿ ಬುಟ್ಟಿ. ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆ ಹಿಡಿದರೆ ಸಿಗುವ ಸುವರ್ಣಾವತಿ ಅಣೆಕಟ್ಟೆಯಲ್ಲಿ ಅವನು ಅದನ್ನು ಹಾಕಿಕೊಂಡು ಮೀನು ಹಿಡಿಯುತ್ತಿದ್ದ. ಗಂಡ ಹೋದ ವಾರವೇ ದೊಡ್ಡಮಾದಮ್ಮ ಸೆರಗು ಸಿಕ್ಕಿಸಿ ಅದರೊಳಗೆ ಕಾಲಿಟ್ಟಳು. ಅವಳ ತವರು ಕೊಳ್ಳೇಗಾಲದ ಕಡೆ, ಕಾವೇರಿ ದಂಡೆ. ನಡೆಯುವುದಕ್ಕಿಂತ ಮೊದಲು ಹುಟ್ಟು ಹಾಕಲು ಕಲಿತವಳು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಅದನ್ನು ನಂಬದವರು ಅವಳೆದುರು ಹಾಗೆಂದು ಹೇಳುತ್ತಿರಲಿಲ್ಲ. ಹೆಂಗಸು ತೆಪ್ಪ ಹತ್ತಿದರೆ ಗಂಗಮ್ಮ ಮುನಿಯುತ್ತಾಳೆ ಎಂದು ಊರಿನ ಹಿರಿಯರೊಬ್ಬರು ಬುದ್ಧಿ ಹೇಳಲು ಬಂದಾಗ ಅವಳು, “ಗಂಗಮ್ಮ ಏನು ಗಂಡಸಾ?” ಎಂದು ಕೇಳಿದಳು. ಹಿರಿಯರು ಉತ್ತರ ಹುಡುಕುತ್ತಾ ಮನೆಗೆ ಹೋದರು.

ನೀರಿನಲ್ಲಿ ಅವಳದೊಂದು ಜಾಗವಿತ್ತು. ಅಣೆಕಟ್ಟೆ ಕಟ್ಟುವ ಮೊದಲು ಅಲ್ಲೊಂದು ಹುಣಸೆ ತೋಪಿತ್ತಂತೆ. ಮರಗಳ ಬೊಡ್ಡೆ ಇನ್ನೂ ನೀರಡಿಯಲ್ಲಿ ಹಾಗೇ ನಿಂತಿದ್ದವು, ಮೀನುಗಳಿಗೆ ಆ ಸಂದಿಗೊಂದಿಗಳೆಂದರೆ ಬಹಳ ಪ್ರೀತಿ. ದೊಡ್ಡಮಾದಮ್ಮ ಬೆಳಗಿನ ಬಲೆ ಎತ್ತಿದ ಮೇಲೆ ತೋಪಿನ ನೇರಕ್ಕೆ ಬಂದು, ಸತ್ತ ಅತ್ತೆಯ ಬೀಸುವ ಕಲ್ಲಿನ ಮೇಲಿನ ಹೋಳನ್ನು ಹಗ್ಗ ಕಟ್ಟಿ ಇಳಿಬಿಡುತ್ತಿದ್ದಳು. ಅದೇ ಅವಳ ಲಂಗರು. ಬದುಕಿದ್ದಾಗ ಅತ್ತೆ ಒಂದು ಕಡೆ ನಿಂತವಳಲ್ಲ, ಅವಳ ಕಲ್ಲಾದರೂ ನಿಲ್ಲಲಿ ಎಂದುಕೊಂಡು, ಗಾಳ ಹಾಕಿ, ಎಲೆಯಡಿಕೆ ಮೆಲ್ಲುತ್ತಾ ಕೂರುತ್ತಿದ್ದಳು. ಇಡೀ ದಿನದಲ್ಲಿ ಅವಳ ಬಾಯಿಗೆ ಬಿಡುವು ಸಿಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ತೊಂಬತ್ತೈದರ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಬಿಡುವಿಗೆ ಕಲ್ಲು ಬಿತ್ತು.

ಅವಳು ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಿದ್ದಳು. ಬೆನ್ನ ಹಿಂದೆ ಧಡಾರ್ ಎಂದು ಸದ್ದಾಗಿ ಮುಖಕ್ಕೆ ನೀರು ಎರಚಿತು. ತಿರುಗಿ ನೋಡಿದರೆ ಉದ್ದನೆಯದೊಂದು ಬಿಳಿಯ ಫೈಬರ್ ದೋಣಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅದರ ಪಕ್ಕೆಯ ಮೇಲೆ ಕೆಂಪಕ್ಷರದಲ್ಲಿ ‘ನೆರೆ ಪರಿಹಾರ’ ಎಂದು ಬರೆದಿತ್ತು. ಒಳಗೊಬ್ಬ ಯಜಮಾನ. ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಮೈ ಸಣಕಲು, ಹೊಟ್ಟೆ ಮಾತ್ರ ತುಂಬುಗರ್ಭಿಣಿಯದು. ಆಗಷ್ಟೇ ಲಂಗರು ಎಸೆದು, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು, ಪರೀಕ್ಷೆ ಮುಗಿಸಿದ ಹುಡುಗನ ಹಾಗೆ ಉಸಿರು ಬಿಡುತ್ತಿದ್ದ.

“ಏನ್ ಸ್ವಾಮ್ಯೋರೆ, ಇಷ್ಟಗಲ ನೀರೊಳಗೆ ನಿಮ್ಗೆ ಲಂಗರು ಆಕಕ್ಕೆ ನನ್ ಸೊಂಟವೇ ಬೇಕಾಗಿತ್ತಾ?”

ಯಜಮಾನ ಬೆಚ್ಚಿದ. ಆದರೂ ಮರ್ಯಾದಸ್ಥ. “ಏನೂ ತೊಂದ್ರೆ ಇಲ್ಲ ಕಣಮ್ಮ. ನಿನ್ ಪಾಡಿಗೆ ನೀನು ಕೆಲ್ಸ ಮಾಡ್ಕೊ” ಎಂದ.

“ತೊಂದ್ರೆ ನಿಮ್ಗಲ್ಲ, ನಂಗೆ! ದೂರ ಓಗಿ!”

“ನೀರು ಸರ್ಕಾರದ್ದಲ್ವಾ ತಾಯಿ?”

“ಸರ್ಕಾರದ್ದು ಅಂತ ಸರ್ಕಾರಿ ಬಸ್ನಲ್ಲಿ ನನ್ ತೊಡೆ ಮೇಲೆ ಕೂತ್ಕೊಂಡೀರಾ?”

ಯಜಮಾನ ಕಿವಿ ಕೆಂಪಗೆ ಮಾಡಿಕೊಂಡು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದ. ಜಾಗ ಬಿಟ್ಟು ಮಾತ್ರ ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೊಡೆಯ ಹಿಂದಿನಿಂದ, ರಾಜಿ ಮಾಡಿಕೊಳ್ಳುವ ದನಿಯಲ್ಲಿ ಪ್ರಶ್ನೆ ಬಂತು. “ಏನು ಸಿಕ್ತಮ್ಮಾ ಇವತ್ತು?”

“ಜಿಲೇಬಿ.”

“ಹಾಸ್ಯ ಮಾಡ್ಬೇಡ ತಾಯಿ. ನಾನು ವಯಸ್ಸಾದವ್ನು.”

ಆ ನೀರಿನಲ್ಲಿ ಅತಿ ಹೆಚ್ಚು ಸಿಗುವ ಮೀನಿನ ಹೆಸರೇ ಜಿಲೇಬಿ ಎಂಬುದು ಹುಟ್ಟಾ ಲಿಂಗಾಯತನಾದ ಅವನಿಗೆ ಗೊತ್ತಿರಲಿಲ್ಲ. ಅವಳು ಬುಟ್ಟಿಯಿಂದ ಒಂದನ್ನು ಬಾಲ ಹಿಡಿದು ಎತ್ತಿ ಕೊಡೆಯಂಚಿನ ಕೆಳಗೆ ತೋರಿಸಿದಳು. ಅದಿನ್ನೂ ಜೀವವಾಗಿತ್ತು. ಯಜಮಾನ “ಶಿವಶಿವಾ” ಎಂದು ಕಣ್ಣು ಮುಚ್ಚಿಕೊಂಡ. ಇಷ್ಟಕ್ಕೆ ಮನುಷ್ಯ ನಾಳೆ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು ದೊಡ್ಡಮಾದಮ್ಮ.

ಎರಡೇ ದಿನ ಬಿಟ್ಟು ಮತ್ತೆ ಬಂದ. ಮತ್ತೆ ಅಲ್ಲೇ.

ಅವಳು ಬೀಸುವ ಕಲ್ಲನ್ನು ಎತ್ತಿಕೊಂಡು ಬೆಟ್ಟದ ದಿಕ್ಕಿಗೆ ಬಹುದೂರ ಹೋಗಿ ಇಳಿಬಿಟ್ಟಳು. ಬಿಳಿ ದೋಣಿ ಅಡ್ಡಾದಿಡ್ಡಿ ಹುಟ್ಟು ಹಾಕುತ್ತಾ, ಒಂದು ಸುತ್ತು ತನ್ನನ್ನು ತಾನೇ ಪ್ರದಕ್ಷಿಣೆ ಹಾಕಿಕೊಂಡು, ಅಲ್ಲಿಗೂ ಬಂತು. ಅವಳು ಏರಿಯ ಕಡೆಗೆ ಬಂದರೆ ಅದೂ ಏರಿಯ ಕಡೆಗೆ. ಎಮ್ಮೆಯ ಹಿಂದೆ ಕರು ಬರುವುದನ್ನು ಅವಳು ನೋಡಿದ್ದಳು. ಆದರೆ ಈ ಕರುವಿಗೆ ಅರವತ್ತು ದಾಟಿತ್ತು.

ದೊಡ್ಡಮಾದಮ್ಮ ಅಣೆಕಟ್ಟೆಯ ತೂಬು ಕಾಯುವ ಸೋಮಯ್ಯನ ಹತ್ತಿರ ಹೋಗಿ ದೂರು ಕೊಟ್ಟಳು. ಸೋಮಯ್ಯ ಸರ್ಕಾರಿ ಮನುಷ್ಯ, ಎಲ್ಲದಕ್ಕೂ ನ್ಯಾಯವಾಗಿ ತಲೆಯಾಡಿಸುವವನು. “ಒಲಕ್ಕಾದ್ರೆ ಬದು ಅದೆ, ಸರ್ವೆಯವ್ರು ಅವ್ರೆ. ನೀರಿಗೆ ಕಲ್ಲು ನೆಡಕ್ಕಾಯ್ತದಾ ಮಾದಮ್ಮ?” ಎಂದ. ಆಮೇಲೆ ದನಿ ತಗ್ಗಿಸಿ, ಕಣ್ಣು ಕಿರಿದು ಮಾಡಿ, “ಅವ್ರು ಅರವೆ ಊರಿನೋರು, ಗಂಗಾಧರಸ್ವಾಮಿ ಅಂತ. ಒಳ್ಳೆ ಜಮೀನ್ದಾರ್ರು. ಈಗ ಚಾಮ್ರಾಜ್‌ನಗರದಲ್ಲಿ ಮನೆ ಕಟ್ಟುಸ್ಕೊಂಡವ್ರೆ. ಅಂಥವ್ರು ನಿನ್ ಹಿಂದೆ ಹಿಂದೆ ಬತ್ತಾವ್ರೆ ಅಂದ್ರೆ…” ಎಂದು ಮಾತು ಅರ್ಧಕ್ಕೆ ನಿಲ್ಲಿಸಿ ನಕ್ಕ. ಅವಳು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಸೋಮಯ್ಯ ಅದನ್ನು ಕೇಳಿ ತೂಬಿನ ಮೆಟ್ಟಿಲಿಳಿದು ಹೋದವನು ಅವಳು ಏರಿ ದಾಟುವವರೆಗೆ ಮೇಲೆ ಬರಲಿಲ್ಲ.

ಇನ್ನು ತನ್ನ ಬುದ್ಧಿಯೇ ಗತಿ ಎಂದು ಅವಳು ಮೀನಿನ ಕರುಳನ್ನು ಒಂದು ಬೋಸಿಯಲ್ಲಿ ಕೂಡಿಟ್ಟುಕೊಂಡು, ಬಿಸಿಲಿಗೆ ಚೆನ್ನಾಗಿ ಹುಳಿಬರಿಸಿ, ಗಂಗಾಧರಸ್ವಾಮಿ ಬಂದು ನಿಂತ ಕೂಡಲೇ ಗಾಳಿ ಬರುವ ಮಗ್ಗುಲಿನಲ್ಲಿ ಮುಚ್ಚಳ ತೆಗೆದಳು. ಗಂಗಾಧರಸ್ವಾಮಿ ಮೂಗಿಗೆ ಟವಲು ಕಟ್ಟಿಕೊಂಡು, ಒಂದು ಕರ್ಪೂರದ ಬಿಲ್ಲೆಯನ್ನು ಅದರೊಳಗಿಟ್ಟುಕೊಂಡು, ಸಾವಕಾಶವಾಗಿ ಪಂಚಾಂಗ ಓದುತ್ತಾ ಕೂತ. ಆದರೆ ವಾಸನೆ ಹದ್ದುಗಳಿಗೆ ಮುಟ್ಟಿತು. ಮೊದಲ ಹದ್ದು ಎತ್ತಿಕೊಂಡ ಕರುಳು ಕಾಲಿನಿಂದ ಜಾರಿ ಕೊಡೆಯ ಮೇಲೆ ಬಿತ್ತು. ದೊಡ್ಡಮಾದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗುತ್ತಿರುವಾಗಲೇ ಮಿಕ್ಕ ಹದ್ದುಗಳು ಅವಳ ಬುಟ್ಟಿಯ ಮೇಲೆರಗಿ ಬೆಳಗಿನಿಂದ ಹಿಡಿದದ್ದರಲ್ಲಿ ದೊಡ್ಡ ದೊಡ್ಡ ಮೀನುಗಳನ್ನೆಲ್ಲ ಎತ್ತಿಕೊಂಡು ಹೋದವು. ಟವಲಿನ ಹಿಂದಿನಿಂದ “ಅಯ್ಯೋ ಪಾಪ” ಎಂಬ ಮಾತು ಕೇಳಿತು. ಅದು ವ್ಯಂಗ್ಯವಾಗಿದ್ದರೆ ಅವಳು ಸಹಿಸುತ್ತಿದ್ದಳು. ಮನುಷ್ಯ ನಿಜವಾಗಿ ಮರುಕದಿಂದ ಹೇಳಿದ್ದ. ಅದೇ ಅವಳಿಗೆ ಮೈಯುರಿ ಹತ್ತಿಸಿತು.

ಹೀಗೇ ಬೇಸಿಗೆ ಕಳೆದು ಆಷಾಢ ಬಂತು.

ಆಷಾಢದ ಗಾಳಿಯಲ್ಲಿ ತೆಪ್ಪ, ದೋಣಿ ಒಂದರ ಪಕ್ಕ ಒಂದು ನಿಲ್ಲುವ ಜಾತಿಯವಲ್ಲ. ತೆಪ್ಪ ಗುಂಡಗೆ, ಗಾಳಿ ಹೊಡೆದರೆ ನಿಂತಲ್ಲೇ ಬುಗುರಿಯಾಗುತ್ತದೆ. ಉದ್ದ ದೋಣಿ ಹಾಗಲ್ಲ. ಗೂಟಕ್ಕೆ ಕಟ್ಟಿದ ಹೋರಿಯಂತೆ ಹಗ್ಗದ ಉದ್ದಕ್ಕೂ ಅತ್ತಿಂದಿತ್ತ ಬೀಸಿ ಬೀಸಿ ಬರುತ್ತದೆ. ಗಂಗಾಧರಸ್ವಾಮಿಯ ಹಗ್ಗವಂತೂ ಎರಡು ಬಾವಿಗಾಗುವಷ್ಟಿತ್ತು. ಅವತ್ತು ಗಾಳಿ ಜೋರೆಂದು ಬೇರೆ ತೆಪ್ಪದವರೆಲ್ಲ ದಡದಲ್ಲೇ ಉಳಿದಿದ್ದರು. ದೊಡ್ಡಮಾದಮ್ಮ ಹಟಕ್ಕೆ ಹೋಗಿದ್ದಳು. ಈ ಗಾಳಿಗೆ ಆ ಪಂಚಾಂಗ ಬರುವುದಿಲ್ಲ, ಇವತ್ತಾದರೂ ತೋಪು ತನ್ನೊಬ್ಬಳದೇ ಎಂಬ ಆಸೆ ಅವಳದು.

ಬಂದ. ಕೊಡೆ ತಿರುಗಾಮುರುಗಾ ಆಗಿ, ಪಂಚೆ ಪಟಪಟ ಹಾರುತ್ತಾ, ಆದರೂ ಬಂದ. ಲಂಗರನ್ನು ಅವಳ ಹಗ್ಗದ ಮೇಲೆಯೇ ಎಸೆದ.

ದೋಣಿಯ ಮೂತಿ ಮೊದಲ ಸಲ ತೆಪ್ಪಕ್ಕೆ ಬಡಿದಾಗ ಅವಳ ಬಾಯಿಯ ಎಲೆಯಡಿಕೆ ಗಂಟಲಿಗೆ ಹೋಯಿತು. ಎರಡನೆಯ ಸಲ ಬಡಿದಾಗ ಗಾಳದ ಕೋಲು ನೀರಿಗೆ ಬಿತ್ತು. ಮೂರನೆಯ ಸಲಕ್ಕೆ ಅವಳು ಕಾಯಲಿಲ್ಲ. ಸೊಂಟದಿಂದ ಕುಡುಗೋಲು ತೆಗೆದಳು.

“ಏನ್ ಮಾಡ್ತಿದೀಯಮ್ಮಾ? ಕುಡ್ಲು ಯಾಕೆ?” ಗಂಗಾಧರಸ್ವಾಮಿ ಕೂಗಿದ.

“ನಿಮ್ ಅಗ್ಗ ಕುಯ್ದಾಕ್ತೀನಿ! ಓಗಿ, ತಮಿಳ್ನಾಡ್ಗೇ ತೇಲ್ಕಂಡೋಗಿ, ಅಲ್ಲಿ ಯಾವಳಾದ್ರೂ ಸಿಕ್ತಾಳೆ ಮಗ್ಗುಲಿಗೆ!”

ನೀರಿನೊಳಗೆ ಎರಡು ಹಗ್ಗ ಹುರಿಗೊಂಡು ಒಂದಾಗಿದ್ದವು. ಎರಡೂ ನೈಲಾನು, ಎರಡೂ ಹಸಿರು, ಬಹುಶಃ ಚಾಮರಾಜನಗರದ ಒಂದೇ ಅಂಗಡಿಯವು. ಅವಳು ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದು ಸರಕ್ಕನೆ ಕೊಯ್ದಳು. ಅತ್ತೆಯ ಕಲ್ಲು ತಳದಲ್ಲೇ ಉಳಿಯಿತು. ತೆಪ್ಪ ಗರ್ರನೆ ತಿರುಗಿತು. ಕೊಯ್ದದ್ದು ತನ್ನದೇ ಹಗ್ಗವನ್ನು ಎಂದು ಅವಳ ಕೈಗೆ ಗೊತ್ತಾದ ಮೇಲೂ ತಲೆ ಒಂದು ಗಳಿಗೆ ಒಪ್ಪಲಿಲ್ಲ.

ಗಾಳಿ ತೆಪ್ಪವನ್ನು ಎತ್ತಿ ದೋಣಿಯ ಪಕ್ಕೆಗೆ ಒಗೆಯಿತು. ದೋಣಿಯ ಕಬ್ಬಿಣದ ಬಳೆಗೆ ತಗುಲಿ ಟಾರುಹಾಳೆ ಒಂದು ಮೊಳ ಹರಿಯಿತು. ನೀರು ನುಗ್ಗಿತು. ಬುಟ್ಟಿ ತೇಲಿತು. ಅವಳು ಎದ್ದು ನಿಲ್ಲಹೋದಳು, ತೆಪ್ಪ ವಾಲಿತು. ಅಷ್ಟರಲ್ಲಿ ಮೇಲಿನಿಂದ ಎರಡು ಕೈ ಬಂದವು. ಗಂಗಾಧರಸ್ವಾಮಿ ದೋಣಿಯಲ್ಲಿ ಬೋರಲು ಮಲಗಿ ಒಂದು ಕೈಯಲ್ಲಿ ತೆಪ್ಪದ ಅಂಚನ್ನೂ ಇನ್ನೊಂದು ಕೈಯಲ್ಲಿ ಅವಳ ತುರುಬನ್ನೂ ಹಿಡಿದಿದ್ದ.

“ತುರುಬು ಬುಡೋ ಬಡ್ಡೆತ್ತದೆ!”

“ಬುಡಕ್ಕಿಲ್ಲ! ಬುಟ್ರೆ ಮುಳುಗೋಯ್ತೀಯ!”

“ನಾನ್ಯಾಕೆ ಮುಳುಗ್ತೀನಿ? ನಂಗೆ ಈಜು ಬತ್ತದೆ!”

“ನಂಗೆ ಬರಕ್ಕಿಲ್ಲ!” ಎಂದು ಗಂಗಾಧರಸ್ವಾಮಿ ಅಳುವ ದನಿಯಲ್ಲಿ ಕಿರುಚಿದ. “ನೀನು ಓಗ್ಬುಟ್ರೆ ಇಲ್ಲಿ ನಾನೊಬ್ನೇ ಆಗೋಯ್ತೀನಿ!”

ದೊಡ್ಡಮಾದಮ್ಮನಿಗೆ ಒಂದು ಕ್ಷಣ ನೋವೇ ಮರೆತುಹೋಯಿತು. ಕತ್ತು ತಿರುಗಿಸಿ ನೋಡಿದಳು. ಬೋರಲು ಮಲಗಿದ ಮನುಷ್ಯನ ಅಂಗಿಯ ಗುಂಡಿಗಳು ಕಿತ್ತುಹೋಗಿ, ಇಷ್ಟು ದಿನ ಹೊಟ್ಟೆಯೆಂದು ಅವಳು ತಿಳಿದಿದ್ದದ್ದು ಹೊರಗೆ ಬಂದಿತ್ತು. ಗಾಳಿ ತುಂಬಿದ ಸ್ಕೂಟರಿನ ಟ್ಯೂಬು. ಅದನ್ನು ಜನಿವಾರದ ಹಾಗೆ ಒಂದು ಭುಜದಿಂದ ತಂದು ಸೊಂಟಕ್ಕೆ ಸುತ್ತಿದ್ದ. ಅದರ ಮೂತಿಯ ಹಿತ್ತಾಳೆ ಮುಚ್ಚಳ ಅವಳ ಕಣ್ಣೆದುರೇ ಹೊಳೆಯುತ್ತಿತ್ತು.

ಅವಳು ನಗಬೇಕೋ ಒದೆಯಬೇಕೋ ತಿಳಿಯದೆ ದೋಣಿಯ ಅಂಚು ಹಿಡಿದು ಮೇಲೆ ಹತ್ತಿದಳು. ನೀರು ತುಂಬಿದ ತೆಪ್ಪವನ್ನು ಉಳಿದ ಹಗ್ಗದಿಂದ ದೋಣಿಯ ಹಿಂದಕ್ಕೆ ಕಟ್ಟಿದಳು. ಗಂಗಾಧರಸ್ವಾಮಿಯ ಹುಟ್ಟು ಆಗಲೇ ನೀರಿನ ಪಾಲಾಗಿತ್ತು. ಅವಳದೊಂದು ಹುಟ್ಟು ಉಳಿದಿತ್ತು, ಆದರೆ ಆ ಗಾಳಿಗೆ ಎದುರಾಗಿ ಅದು ಚಮಚೆಗೆ ಸಮ. ಇದ್ದುದರಲ್ಲಿ ಒಳ್ಳೆಯ ಸಂಗತಿಯೆಂದರೆ ಗಂಗಾಧರಸ್ವಾಮಿಯ ಲಂಗರು. ಟ್ರ್ಯಾಕ್ಟರಿನ ಹಳೆಯ ಕಲ್ಟಿವೇಟರಿನ ಹಲ್ಲುಗಳನ್ನು ಒಟ್ಟಿಗೆ ವೆಲ್ಡ್ ಮಾಡಿಸಿದ್ದು. ಅದು ಹುಣಸೆಯ ಬೇರನ್ನು ಕಚ್ಚಿ ಹಿಡಿದಿತ್ತು. ಬೀಸುವ ಕಲ್ಲಾಗಿದ್ದರೆ ಇಷ್ಟೊತ್ತಿಗೆ ಇಬ್ಬರೂ ಏರಿಯ ಬಂಡೆಗಳಿಗೆ ಬಡಿದಿರುತ್ತಿದ್ದರು. ದೊಡ್ಡಮಾದಮ್ಮ ಅದನ್ನು ಮನಸ್ಸಿನಲ್ಲೇ ಒಪ್ಪಿಕೊಂಡಳು. ಬಾಯಿಬಿಟ್ಟು ಹೇಳಲಿಲ್ಲ.

“ಗಾಳಿ ಇಳಿಯೋಗಂಟ ಕೂರ್ಬೇಕು. ಅಲುಗಾಡ್ಬೇಡಿ” ಎಂದಳು.

“ಅಲುಗಾಡು ಅಂದ್ರೂ ನನ್ ಕೈಲಿ ಆಗಲ್ಲ” ಎಂದ ಗಂಗಾಧರಸ್ವಾಮಿ.

ತೂಬಿನ ಮೇಲೆ ಸೋಮಯ್ಯ ನಿಂತಿದ್ದದ್ದು ಕಾಣಿಸಿತು. ಅವಳು ಟವಲು ಬೀಸಿದಳು. ಸೋಮಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಒಂದೇ ದೋಣಿಯಲ್ಲಿ ಇಬ್ಬರು, ಯಜಮಾನರ ಅಂಗಿ ಬಿಚ್ಚಿದೆ, ಮಾದಮ್ಮನ ತುರುಬು ಬಿಚ್ಚಿದೆ. ಅವನು ಸಭ್ಯನಾಗಿ ಬೆನ್ನು ತಿರುಗಿಸಿ ನಿಂತ.

“ಇವನ್ ಮನೆ ಆಳಾಗ!” ಎಂದಳು ದೊಡ್ಡಮಾದಮ್ಮ.

ಮಾಡಲು ಬೇರೆ ಕೆಲಸವಿಲ್ಲದೆ ಗಂಗಾಧರಸ್ವಾಮಿ ಬಾಯಿಬಿಟ್ಟ. ಅವನ ದೊಡ್ಡಪ್ಪನ ಮಗ ನಂಜುಂಡಪ್ಪನಿಗೂ ಅವನಿಗೂ ಹುಟ್ಟಿದಾಗಿನಿಂದ ಆಗುವುದಿಲ್ಲ. ಮಳೆಯೇ ಬಾರದ ತಾಲ್ಲೂಕಿಗೆ ಯಾರೋ ಯಾವ ಕಾಲದಲ್ಲೋ ಕಳಿಸಿದ್ದ ನೆರೆ ಪರಿಹಾರದ ದೋಣಿ ಹರಾಜಿಗೆ ಬಂದಿತ್ತು. ದನಗಳಿಗೆ ಕಲಗಚ್ಚು ಹಾಕಲು ಚೆನ್ನಾಗಿರುತ್ತದೆಂದು ನಂಜುಂಡಪ್ಪ ಕೂಗಿದ. ಅವನು ಕೂಗಿದನಲ್ಲ ಎಂಬ ಒಂದೇ ಕಾರಣಕ್ಕೆ ಗಂಗಾಧರಸ್ವಾಮಿಯೂ ಕೂಗಿದ. ಗೆದ್ದ ಮೇಲೆ ನೋಡಿದರೆ ಕೈಯಲ್ಲಿ ದೋಣಿ.

“ಅರಿಶಿನದ ಒಲದಲ್ಲಿ ದೋಣಿ ಮಡಗಕ್ಕಾಯ್ತದಾ? ನಂಜುಂಡ ಎಲ್ರಿಗೂ ಏಳ್ಕೊಂಡು ನಗ್ತಾವ್ನೆ. ಅದ್ಕೇ ನಾನು, ದೋಣಿ ವಿಹಾರ ನನ್ ಬಹಳ ದಿನದ ಆಸೆ ಅಂದ್ಬುಟ್ಟೆ. ಅಂದ್ಮೇಲೆ ಬರಬೇಕಲ್ಲ? ನೀರು ಕಂಡ್ರೆ ನಂಗೆ ಚಿಕ್ ವಯಸ್ಸಿಂದ ಜೀವಭಯ ಕಣಮ್ಮ. ಯಾರಾದ್ರೂ ಅತ್ರ ಇದ್ರೆ ಧೈರ್ಯ. ಮಿಕ್ಕ ತೆಪ್ಪದವ್ರೆಲ್ಲ ಓಡಾಡ್ತಿರ್ತಾರೆ. ನೀನೊಬ್ಳೇ ಒಂದು ಕಡೆ ಕೂತಿರೋಳು. ಬೈದ್ರೂ ಪರ್ವಾಗಿಲ್ಲ, ಬೈತಾ ಇದ್ರೆ ಯಾರೋ ಜೊತೇಲವ್ರೆ ಅಂತ ಅನ್ನುಸ್ತಿತ್ತು.”

ದೊಡ್ಡಮಾದಮ್ಮ ಜೀವಮಾನದಲ್ಲಿ ಎಷ್ಟೋ ಜನರನ್ನು ಬೈದಿದ್ದಳು. ಅವರಲ್ಲಿ ಯಾರೂ ಅವಳ ಬೈಗುಳವನ್ನು ಊರುಗೋಲು ಮಾಡಿಕೊಂಡಿರಲಿಲ್ಲ. ಅವಳು ಒದ್ದೆ ಸೆರಗು ಹಿಂಡಿಕೊಂಡಳು.

ಮಧ್ಯಾಹ್ನ ಇಳಿಯುತ್ತಿತ್ತು. ಗಂಗಾಧರಸ್ವಾಮಿ ತನ್ನ ಕ್ಯಾರಿಯರ್ ಬಿಚ್ಚಿದ. ಮೊಸರನ್ನ, ನಿಂಬೆ ಉಪ್ಪಿನಕಾಯಿ. ಒಂದು ಪಾಲನ್ನು ಮುಚ್ಚಳಕ್ಕೆ ಹಾಕಿ, ಮುಚ್ಚಳವನ್ನು ಕೈಗೆ ಕೊಡದೆ ಹಲಗೆಯ ಮೇಲಿಟ್ಟು, ಬೆರಳ ತುದಿಯಲ್ಲಿ ಅವಳ ಕಡೆಗೆ ತಳ್ಳಿದ. ಅಷ್ಟು ಭಯದಲ್ಲೂ ಆ ಬೆರಳಿಗೆ ತನ್ನ ಅಭ್ಯಾಸ ಮರೆತಿರಲಿಲ್ಲ.

ಅವಳು ಅದನ್ನು ನೋಡಿದಳು. “ಸ್ವಾಮ್ಯೋರೆ, ಬೆಳಿಗ್ಗೆ ನನ್ ತುರುಬು ಇಡ್ಕೊಂಡಾಗ ಈ ಬೆರಳು ಎಲ್ಲೋಗಿತ್ತು?”

ಗಂಗಾಧರಸ್ವಾಮಿ ತನ್ನ ಕೈಯನ್ನೇ ನೋಡಿಕೊಂಡ. ಕೈಯಲ್ಲಿ ಅವಳ ಉದ್ದನೆಯ ಎರಡು ಕೂದಲು ಇನ್ನೂ ಅಂಟಿಕೊಂಡಿದ್ದವು. ಆಮೇಲೆ ಮುಚ್ಚಳವನ್ನು ಎತ್ತಿ ಅವಳ ಕೈಗೇ ಕೊಟ್ಟ. ಕೊಡುವಾಗ ಮುಖ ಬೇರೆ ಕಡೆ ಇತ್ತು. ಅವಳು ಒಂದು ತುತ್ತು ಬಾಯಿಗಿಟ್ಟಳು. ಮೊಸರನ್ನಕ್ಕೆ ಉಪ್ಪು ಸಾಲದು ಎಂದು ಮಾತ್ರ ಹೇಳಿದಳು. “ಮನೇಲೂ ಅದನ್ನೇ ಏಳ್ದೆ, ಕೇಳೋರ್ಯಾರು” ಎಂದ ಅವನು. ತಿಂದು ಮುಗಿಸಿದಾಗ ಅವನ ನೀರಿನ ಚೊಂಬು ಉರುಳಿಹೋಗಿತ್ತು. ಅವಳ ಬಾಟಲಿ ತೆಪ್ಪದಲ್ಲಿ ತುಂಬಿದ್ದ ನೀರಿನಲ್ಲಿ ಸಿಕ್ಕಿತು. ಅವನು ಅದನ್ನು ಎತ್ತಿ ಕುಡಿಯಲಿಲ್ಲ, ಕಚ್ಚಿಯೇ ಕುಡಿದ. ಅಷ್ಟು ಬಾಯಾರಿತ್ತು.

ಹೊತ್ತು ಇಳಿಯುವಾಗ ಗಾಳಿಯೂ ಇಳಿಯಿತು. ಲಂಗರು ಬೇರಿನಿಂದ ಬಿಡಿಸಲು ಇಬ್ಬರೂ ಜಗ್ಗಬೇಕಾಯಿತು. ಅವಳು ಹುಟ್ಟು ಹಾಕಿ ದಡ ಮುಟ್ಟಿಸಿದಳು. ದಡದಲ್ಲಿ ಗಂಗಾಧರಸ್ವಾಮಿ ಎರಡೂ ಕಾಲು ನೆಲಕ್ಕಿಟ್ಟ ಮೇಲೆ ತಿರುಗಿ, “ನಾಳಿಕ್ಕೆ ನಿನ್ ಲಂಗರಿಗೆ ಏನ್ ಮಾಡ್ತೀಯ?” ಎಂದು ಕೇಳಿದ.

“ಇನ್ನೊಬ್ಳು ಅತ್ತೆ ಉಡುಕ್ಬೇಕು” ಎಂದಳು.

ವಾರ ಕಳೆಯುವುದರೊಳಗೆ ಅವನು ಅವಳಿಗೂ ಒಂದು ಕಲ್ಟಿವೇಟರ್ ಲಂಗರು ಮಾಡಿಸಿಕೊಂಡು ಬಂದ. ಟಿವಿಎಸ್ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಬರುವಾಗ ಅದರ ಹಲ್ಲು ತಾಗಿ ಪಂಚೆ ಹರಿದಿತ್ತು. ಅವಳು ಅಷ್ಟರಲ್ಲಿ ತೆಪ್ಪಕ್ಕೆ ತೇಪೆ ಹಾಕಿ ಟಾರು ಬಳಿದಿದ್ದಳು. ಆವತ್ತು ದಡದಲ್ಲಿ ನಿಂತು ಅವಳು ಕಾನೂನು ಹೇಳಿದಳು. ಮೊದಲು ಬಂದವರದು ಜಾಗ. ಆಮೇಲೆ ಬಂದವರು ಗಾಳಿ ಹೋಗುವ ದಿಕ್ಕಿಗೆ ನಿಲ್ಲಬೇಕು. ಹಗ್ಗ ಅಷ್ಟುದ್ದ ಬಿಡಬಾರದು.

“ದೂರ ಎಷ್ಟಿರ್ಬೇಕು?” ಎಂದ ಗಂಗಾಧರಸ್ವಾಮಿ ಶಾಲೆಯ ಮಗುವಿನಂತೆ.

ಅವಳು ಯೋಚಿಸಿದಳು. “ನಾನು ಬೈಯ್ಯೋದು ಕೇಳುಸ್ಬೇಕು. ಏನ್ ಬೈದೆ ಅಂತ ಗೊತ್ತಾಗ್ಬಾರ್ದು. ಅಷ್ಟು.”

ಆ ಅಳತೆ ಇಬ್ಬರಿಗೂ ಸರಿಹೋಯಿತು. ಆದರೆ ಸೋಮಯ್ಯ ಸುಮ್ಮನಿರುವವನಲ್ಲ. ತಾನು ಕಂಡದ್ದನ್ನೂ, ಬೆನ್ನು ತಿರುಗಿಸಿದ ಮೇಲೆ ಆಗಿರಬಹುದಾದದ್ದನ್ನೂ ಸೇರಿಸಿ ಹೇಳಿದ. ಸುದ್ದಿ ನಂಜುಂಡಪ್ಪನಿಗೆ ಮುಟ್ಟಿತು, ಅಲ್ಲಿಂದ ಹರವೆಗೆ, ಚಾಮರಾಜನಗರಕ್ಕೆ. ಮದ್ದೂರಿನಲ್ಲಿದ್ದ ಚಿಕ್ಕಮಾದುವಿಗೂ ಯಾರೋ ಹೇಳಿದರಂತೆ. ಅವನು ಎಲ್ಲವನ್ನೂ ಕೇಳಿ, “ಯಜಮಾನ್ರಿಗೆ ಏನೂ ಪೆಟ್ಟಾಗಿಲ್ವಂತಾ?” ಎಂದನಂತೆ.

ಶ್ರಾವಣದ ಒಂದು ಬೆಳಿಗ್ಗೆ ದೊಡ್ಡಮಾದಮ್ಮ ದಡದಲ್ಲಿ ಬಲೆ ಕೊಡವುತ್ತಿದ್ದಾಗ ಏರಿಯ ಮೇಲೊಂದು ಆಟೋ ಬಂದು ನಿಂತಿತು. ಇಳಿದ ಹೆಂಗಸು ಗಟ್ಟಿಮುಟ್ಟು, ಕತ್ತಿನಲ್ಲಿ ಲಿಂಗದ ಕರಡಿಗೆ, ಕಾಲಿನಲ್ಲಿ ಹೊಸ ಚಪ್ಪಲಿ. ಗಂಗಾಧರಸ್ವಾಮಿಯ ಹೆಂಡತಿ ಪುಟ್ಟಮಲ್ಲಮ್ಮ. ಗಂಗಾಧರಸ್ವಾಮಿ ದೋಣಿಗೆ ಹತ್ತಲು ಒಂದು ಕಾಲೆತ್ತಿದವನು ಹಾಗೇ ನಿಂತುಬಿಟ್ಟ. ಪುಟ್ಟಮಲ್ಲಮ್ಮ ಅವನ ಕಡೆ ನೋಡಲೂ ಇಲ್ಲ. ನೇರ ಬಲೆಯ ಹತ್ತಿರ ಬಂದಳು.

ದೊಡ್ಡಮಾದಮ್ಮ ಬಲೆ ಕೆಳಗಿಟ್ಟು ಸೆರಗು ಬಿಗಿದಳು. ಒಂದೊಂದಾಗಿ ಮಾತುಗಳನ್ನು ಸಜ್ಜು ಮಾಡಿಕೊಂಡಳು.

“ನೀನೇ ಏನಮ್ಮ ದೊಡ್ಡಮಾದಮ್ಮ ಅಂದ್ರೆ?”

“ಊಂ. ಏನೀಗ?”

“ಇವ್ರು ಇಲ್ಲಿ ಮಾತಾಡ್ತಾರಾ?”

ಇಂಥ ಪ್ರಶ್ನೆಗೆ ದೊಡ್ಡಮಾದಮ್ಮ ಸಜ್ಜಾಗಿರಲಿಲ್ಲ. “ಆಡ್ತಾರೆ. ಬುಟ್ರೆ ನಿಲ್ಸದೇ ಇಲ್ಲ.”

“ಏನ್ ಮಾತಾಡ್ತಾರೆ?”

“ಅದೇ. ನಂಜುಂಡಪ್ನೋರ ಕತೆ. ಅರಿಶಿನದ ಕತೆ. ಮೊಸರನ್ನಕ್ಕೆ ಉಪ್ಪು ಕಮ್ಮಿ ಅಂತ.”

ಪುಟ್ಟಮಲ್ಲಮ್ಮ ಗಂಡನ ಕಡೆ ಒಂದು ಸಲ ತಿರುಗಿದಳು. ಗಂಗಾಧರಸ್ವಾಮಿ ಎತ್ತಿದ ಕಾಲನ್ನು ಇಳಿಸಿದ. ಅವಳು ಮತ್ತೆ ಈ ಕಡೆ ತಿರುಗಿ, ಬಲೆಯ ಪಕ್ಕದ ಕಲ್ಲಿನ ಮೇಲೆ ಸೀರೆ ಸರಿಮಾಡಿಕೊಂಡು ಕೂತಳು.

“ರಿಟೈರಾದ ಮೇಷ್ಟ್ರು ತರ ಇಡೀ ದಿನ ಮನೇಲಿ ನನ್ ಹಿಂದೆ ಹಿಂದೆ ಸುತ್ತೋರು ಕಣವ್ವ. ಒಲೆ ಅತ್ರ ಬಂದ್ರೆ ಒಲೆ ಅತ್ರ. ಹಿತ್ತಲಿಗೆ ಓದ್ರೆ ಹಿತ್ತಲಿಗೆ. ಕಾಲಿಟ್ರೆ ಕಾಲಿಗೆ ತೊಡರ್ಕೋಬೇಕು, ಅಷ್ಟತ್ರ. ಉಪ್ಪು ಕಮ್ಮಿ, ಉಪ್ಪು ಕಮ್ಮಿ. ಈಗ ಮೂರ್ ತಿಂಗ್ಳಿಂದ ಮನೇಲಿ ಎಷ್ಟು ನೆಮ್ಮದಿ ಅಂತೀಯ! ಜನ ಏನಾದ್ರೂ ಅಂದ್ಕೊಳ್ಳಿ, ನೀನು ಮಾತ್ರ ಬೇಜಾರ್ ಮಾಡ್ಕೊಂಡು ಅವ್ರನ್ನ ಓಡುಸ್ಬೇಡ ಕಣವ್ವ. ಅದನ್ನೇ ಕೇಳ್ಕೊಂಡೋಗನ ಅಂತ ಬಂದೆ.”

ದೊಡ್ಡಮಾದಮ್ಮ ನಕ್ಕ ನಗುವಿಗೆ ಏರಿಯ ಮೇಲಿದ್ದ ಆಟೋದವನು ಎಂಜಿನ್ ಬಂದ್ ಮಾಡಿ ಇಣುಕಿದ. ಪುಟ್ಟಮಲ್ಲಮ್ಮನೂ ನಕ್ಕಳು. ನಕ್ಕು ಮುಗಿಸಿ, ತೆಪ್ಪದ ಅಂಚನ್ನು ಕೈಯಿಂದ ತಟ್ಟಿ, “ಇದು ತಿರುಗ್ತದಂತಲ್ಲ?” ಎಂದಳು.

“ಅತ್ತಿ ನೋಡಿ.”

ಪುಟ್ಟಮಲ್ಲಮ್ಮ ಹೊಸ ಚಪ್ಪಲಿಯನ್ನು ದಡದಲ್ಲಿ ಬಿಟ್ಟು, ಸೀರೆ ಮೊಣಕಾಲಿಗೆ ಎತ್ತಿಕೊಂಡು, ಮೀನಿನ ಬುಟ್ಟಿಯನ್ನು ಕಾಲಿನಿಂದ ಅತ್ತ ಸರಿಸಿ ತೆಪ್ಪದಲ್ಲಿ ಕೂತಳು. ಗಂಗಾಧರಸ್ವಾಮಿ ದಡದಿಂದ, “ಲೇ, ಬ್ಯಾಡ ಕಣೇ, ಬಿದ್ಗಿದ್ದೀಯೆ!” ಎಂದು ಕೂಗುತ್ತಾ ಅತ್ತಿತ್ತ ಓಡಾಡಿದ. ದೊಡ್ಡಮಾದಮ್ಮ ಹುಟ್ಟಿನಿಂದ ಒಂದು ಏಟು ಹಾಕಿ ತೆಪ್ಪವನ್ನು ಗರಗರನೆ ತಿರುಗಿಸಿದಳು. ಪುಟ್ಟಮಲ್ಲಮ್ಮ ಹುಡುಗಿಯಂತೆ ಕಿರುಚಿದಳು.

“ಇನ್ನೊಂದ್ಸಲ ತಿರುಗ್ಸವ್ವ” ಎಂದಳು. “ಇನ್ನೂ ಜೋರಾಗಿ.”